ಕೋವಿಸೆಲ್ಫ್: ಮನೆಯಲ್ಲೇ ಮಾಡುವ ಕೊರೊನಾ ಪರೀಕ್ಷೆಯ ಕಿಟ್

2022ರ ಜನವರಿಯಲ್ಲಿ ಲಂಡನ್ನಿನಿಂದ ಪುಣೆಯ ಕೋಥ್ರುಡ್‌ನಲ್ಲಿರುವ ನಮ್ಮ ಮನೆಗೆ ಬಂದ ಮೈದುನನಿಗೆ ನಾಲ್ಕನೆಯ ದಿನ ಗಂಟಲು ಕೆರೆಯತೊಡಗಿದಾಗ, ಹತ್ತಿರದ ಔಷಧಿ ಅಂಗಡಿಯಲ್ಲಿ 250 ರೂಪಾಯಿ ಕೊಟ್ಟು ಈ ಕಿಟ್ ತಂದೆವು. ತಯಾರಿಸುವ ಮೈಲ್ಯಾಬ್ ಪುಣೆಯದೇ ಕಂಪನಿ. ತಾವೇ ಮಾಡಿಕೊಳ್ಳುವ ಪರೀಕ್ಷೆಗಳ ಪೈಕಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2021ರ ಮೇ ತಿಂಗಳಲ್ಲಿ ಮೊದಲು ಒಪ್ಪಿಗೆ ನೀಡಿದ್ದು ಇದಕ್ಕೇ.

ಬಳಕೆ ಕಷ್ಟವಲ್ಲ. ಎರಡೂ ಹೊಳ್ಳೆಗಳಲ್ಲಿ ಕಡ್ಡಿ ತಿರುಗಿಸಿ, ದ್ರಾವಣದ ನಳಿಕೆಯಲ್ಲಿ ಅದ್ದಿ, ಪರೀಕ್ಷಾ ಪಟ್ಟಿಯ ಮೇಲೆ ಎರಡು ಹನಿ ಬಿಟ್ಟು 15 ನಿಮಿಷ ಕಾಯಬೇಕು. ಅತ್ತೆಯವರು ಗಡಿಯಾರ ಹಿಡಿದು ಬಾಗಿಲ ಬಳಿ ಕೂತಿದ್ದರು. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ‘ಸಿ’ ಎದುರಿನ ಗೆರೆ ಬೇಗ ಮೂಡಿತು. ಸ್ವಲ್ಪ ಹೊತ್ತಿಗೆ ಸೋಂಕನ್ನು ತೋರಿಸುವ ‘ಟಿ’ ಎದುರು ಕೂದಲೆಳೆಯಷ್ಟು ತೆಳುವಾದ ಇನ್ನೊಂದು ಗೆರೆ ಕಂಡಿತು. ಎಷ್ಟೇ ತೆಳುವಾಗಿದ್ದರೂ ಅದು ಪಾಸಿಟಿವ್.

ಆಗ ಹರಡುತ್ತಿದ್ದ ಕೊರೊನಾದ ಹೊಸ ತಳಿ ಓಮಿಕ್ರಾನ್ ಈ ಕಿಟ್‌ನ ಕಣ್ಣು ತಪ್ಪಿಸೀತೇ ಎಂಬ ಅಳುಕು ನನಗಿತ್ತು. ಆ ತಳಿಯ ಮೂವತ್ತಕ್ಕೂ ಹೆಚ್ಚು ಮಾರ್ಪಾಡುಗಳು ವೈರಾಣುವಿನ ಹೊರಮೈಯ ಸ್ಪೈಕ್ ಪ್ರೋಟೀನಿನಲ್ಲಿವೆ. ಕಿಟ್ ಹುಡುಕುವುದು ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೋಟೀನನ್ನು. ಹಾಗಾಗಿ ಸೋಂಕು ಪತ್ತೆಯಾಗುತ್ತದೆ, ಯಾವ ತಳಿಯೆಂಬುದು ತಿಳಿಯುವುದಿಲ್ಲ. ಕಿಟ್ ಕೊಳ್ಳುವವರೆಲ್ಲ ಈ ಮಿತಿಯನ್ನು ಅರಿತಿರಬೇಕೆಂದು ನನ್ನ ಬಲವಾದ ಅನಿಸಿಕೆ.

ಹೊಸ ತಳಿಗಳು ಹುಟ್ಟುವುದು ಹೀಗೆ: ಸುಮಾರು 30,000 ಅಕ್ಷರಗಳ ತನ್ನ ಆರ್‌ಎನ್‌ಎಯನ್ನು (ಆನುವಂಶಿಕ ಸಂಕೇತವನ್ನು) ವೈರಾಣು ನಮ್ಮ ದೇಹದೊಳಗೆ ನಕಲು ಮಾಡುವಾಗ ತಪ್ಪುಗಳು ನುಸುಳುತ್ತವೆ. ಬಹುಪಾಲು ತಪ್ಪುಗಳಿಂದ ಏನೂ ಆಗದು, ಆದರೆ ಹರಡುವಿಕೆಗೆ ಅನುಕೂಲವಾಗುವಂಥದ್ದು ಒಂದು ಊರಿನಲ್ಲಿ ಬೇರೂರಿದರೆ, ಲಕ್ಷಣ ಕಾಣುವ ಮುನ್ನವೇ ಪ್ರಯಾಣಿಕರೊಂದಿಗೆ ವಿಮಾನವೇರುತ್ತದೆ. ದಕ್ಷಿಣ ಆಫ್ರಿಕ 2021ರ ನವೆಂಬರ್ 24ರಂದು ಓಮಿಕ್ರಾನ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು; ಡಿಸೆಂಬರ್ 2ರಂದು ಬೆಂಗಳೂರಿನ ಎರಡು ಪ್ರಕರಣಗಳು ಪ್ರಕಟವಾದಾಗ, ಅವರಲ್ಲೊಬ್ಬ ವೈದ್ಯರು ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಅಂದರೆ ಗೊತ್ತಾಗುವ ಹೊತ್ತಿಗೆ ಅದು ಇಲ್ಲಿ ಕಾಲೂರಿತ್ತು.

ಓಮಿಕ್ರಾನನ್ನು ಹಿಡಿದದ್ದು ಜೀನೋಮ್ ಸೀಕ್ವೆನ್ಸಿಂಗ್, ಅಂದರೆ ವೈರಾಣುವಿನ ಆರ್‌ಎನ್‌ಎ ಅಕ್ಷರಗಳನ್ನು ಓದುವ ವಿಧಾನ. ಅದಕ್ಕೆ ಸಾಮಾನ್ಯವಾಗಿ ಹೋಗುವುದು ಆರ್‌ಟಿ-ಪಿಸಿಆರ್‌ಗೆ (ಪ್ರಯೋಗಾಲಯದ ಪರೀಕ್ಷೆಗೆ) ಕೊಟ್ಟ ಮಾದರಿಯೇ ಹೊರತು ಮನೆಯ ಪಟ್ಟಿಯಲ್ಲ. ಪಾಸಿಟಿವ್ ಬಂದರೆ ಮರುಪರೀಕ್ಷೆ ಬೇಡವೆಂದು ಐಸಿಎಂಆರ್ ಹೇಳಿದ್ದರೂ, ಹೊರದೇಶದಿಂದ ಬಂದವನೆಂಬ ಕಾರಣಕ್ಕೆ ಮೈದುನನಿಗೆ ಮರುದಿನ ಆರ್‌ಟಿ-ಪಿಸಿಆರ್ ಮಾಡಿಸಿದೆವು. ಕಿಟ್‌ನ ಫಲಿತಾಂಶವನ್ನು ಮೈಲ್ಯಾಬ್‌ನ ಆ್ಯಪ್‌ನಲ್ಲೂ ದಾಖಲಿಸಿದೆವು; ಅನೇಕರು ಇದನ್ನು ಬಿಟ್ಟುಬಿಡುತ್ತಿದ್ದರು. ಅದೇ ತಿಂಗಳು ಮುಂಬೈ ಮಹಾನಗರ ಪಾಲಿಕೆ, ಕಿಟ್ ಕೊಂಡವರ ವಿವರ ಇಡುವಂತೆ ಔಷಧಿ ಅಂಗಡಿಗಳಿಗೆ ಸೂಚಿಸಬೇಕಾಗಿ ಬಂತು.

ಬೆಲೆ, ಸರಳತೆ ಎರಡರಲ್ಲೂ ನನಗೆ ತೃಪ್ತಿಯಿದೆ. ಒಂದು ಕಿಟ್ ಒಬ್ಬರಿಗೆ ಒಂದೇ ಸಲ. ಲಕ್ಷಣವಿದ್ದೂ ನೆಗೆಟಿವ್ ಬಂದರೆ ಆಗಿನ ನಿಯಮದಂತೆ ಪ್ರಯೋಗಾಲಯಕ್ಕೆ ಹೋಗಲೇಬೇಕಿತ್ತು.