ತೋಟದ ಸಾಮಾನಿನ ಆನ್‌ಲೈನ್ ಅಂಗಡಿ: ಹಲವು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಅಂಗಡಿಯಲ್ಲಿ ದುಡ್ಡು ಕಟ್ಟುವ ವ್ಯವಸ್ಥೆ ಚೆನ್ನಾಗಿದೆ. ವಾಪಸ್ ತಗೊಳ್ಳುವ ವಿಚಾರದಲ್ಲಿ ಪರವಾಗಿಲ್ಲ. ಮನೆಗೆ ತಲುಪಿಸುವುದು ಮಾತ್ರ ನಮ್ಮಂಥ ಊರಿಗೆ ಏನೇನೂ ಸಾಲದು.

ನಾನು ಮೂಡಿಗೆರೆ ತಾಲ್ಲೂಕಿನವಳು. ಪೇಟೆ ಬಿಟ್ಟು ಒಳಗೆ, ಕಾಫಿ ತೋಟದ ನಡುವೆ ನಮ್ಮ ಮನೆ. ಕಳೆ ಕೊಚ್ಚುವ ಯಂತ್ರ, ಅದರ ಬ್ಲೇಡು, ಗರಗಸ, ಸ್ಪ್ರೇ ಪಂಪ್, ಗಮ್ ಬೂಟು, ಪೈಪು, ಟಾರ್ಪಾಲ್, ಹೀಗೆ ತೋಟಕ್ಕೆ ಬೇಕಾದ ಬಹಳಷ್ಟನ್ನು ಇಲ್ಲಿಂದಲೇ ತರಿಸಿದ್ದೇನೆ. ಅಂಗಡಿಯ ಹೆಸರು ಬರೆಯುತ್ತಿಲ್ಲ. ಇಂಥ ಅಂಗಡಿಗಳು ಬೇಕಾದಷ್ಟಿವೆ, ನಿಯಮಗಳೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಸಾಮಾನಿಗಿಂತ ನಿಯಮಗಳ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಬೆಲೆಯನ್ನು ಎಲ್ಲರೂ ನೋಡುತ್ತಾರೆ, ಡೆಲಿವರಿ ಮತ್ತು ರಿಟರ್ನ್ ಪುಟವನ್ನು ತೆರೆಯುವವರು ಕಡಿಮೆ. ಮಲೆನಾಡಿನಲ್ಲಿ ಕೂತು ಆರ್ಡರ್ ಮಾಡುವವರು ಬೆಲೆಗಿಂತ ಮೊದಲು ಆ ಪುಟ ಓದಬೇಕು.

ಡೆಲಿವರಿಯಿಂದಲೇ ಶುರು ಮಾಡುತ್ತೇನೆ. ಪಿನ್‌ಕೋಡ್ ಹಾಕಿದ ತಕ್ಷಣ "ಡೆಲಿವರಿ ಲಭ್ಯ" ಎಂದು ಹಸಿರು ಗುರುತು ಬರುತ್ತದೆ. ಅಷ್ಟಕ್ಕೇ ಖುಷಿ ಪಡಬೇಡಿ. 577132 ಎಂದರೆ ಮೂಡಿಗೆರೆ ಪೇಟೆಯೂ ಹೌದು, ಸುತ್ತಲಿನ ಹಳ್ಳಿಗಳೂ ಹೌದು. ಪಿನ್‌ಕೋಡ್ ಎಂಬುದು 1972ರಲ್ಲಿ ಅಂಚೆ ಇಲಾಖೆ ತನ್ನ ಟಪಾಲು ಹಂಚಲು ತಂದ ಲೆಕ್ಕ. ಕೊರಿಯರ್ ಹುಡುಗನ ಬೈಕು ಎಲ್ಲಿಯವರೆಗೆ ಬರುತ್ತದೆ ಎನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ಅಂಗಡಿಯ ನಿಯಮಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ: ಕೊರಿಯರ್ ಸೇವೆ ಇಲ್ಲದ ಕಡೆ ಗ್ರಾಹಕರೇ ಹತ್ತಿರದ ಶಾಖೆಗೆ ಬಂದು ಪಾರ್ಸೆಲ್ ಪಡೆಯಬೇಕು. ನಮ್ಮ ಆರ್ಡರ್‌ಗಳಲ್ಲಿ ಹೆಚ್ಚಿನವು ಈ ಸಾಲಿನ ಕೆಳಗೇ ಬರುತ್ತವೆ. ಡೆಲಿವರಿ ಚಾರ್ಜ್ ಮಾತ್ರ ಮನೆ ಬಾಗಿಲಿಗೆ ತಂದುಕೊಟ್ಟಷ್ಟೇ ತಗೊಳ್ಳುತ್ತಾರೆ. ಇದು ಸರಿಯಲ್ಲ.

ಜೂನ್ ಕಳೆದ ಮೇಲಂತೂ ಫೋನು ಹೀಗೆ ಬರುತ್ತದೆ: "ಅಕ್ಕಾ, ಪಾರ್ಸೆಲ್ ಬಂದಿದೆ. ಮಳೆ ಜೋರು, ಆ ರೋಡಲ್ಲಿ ಬೈಕ್ ಹತ್ತಲ್ಲ. ಪೇಟೆಗೆ ಬಂದಾಗ ತಗೊಳ್ತೀರಾ?" ನಾನು ಆ ಹುಡುಗನನ್ನು ದೂರುವುದಿಲ್ಲ. ಒಂದು ಪಾರ್ಸೆಲ್‌ಗೆ ಇಷ್ಟು ಎಂದು ಅವನಿಗೆ ಸಿಗುವುದು. ಅದಕ್ಕಾಗಿ ಕೆಸರಿನಲ್ಲಿ ಅಷ್ಟು ದೂರ ಬಂದು ಹೋದರೆ ಪೆಟ್ರೋಲಿಗೂ ಸಾಲದು. ಆದರೆ ಆಮೇಲೆ ಅವನು ಕೇಳುವುದು ಇನ್ನೊಂದು: "ಓಟಿಪಿ ಹೇಳಿಬಿಡಿ ಅಕ್ಕಾ, ಎಂಟ್ರಿ ಮುಗಿಸ್ಕೊಳ್ತೀನಿ." ಇದಕ್ಕೆ ಮಾತ್ರ ಒಪ್ಪಬೇಡಿ. ಓಟಿಪಿ ಕೊಟ್ಟ ಗಳಿಗೆಯಲ್ಲೇ ಅಂಗಡಿಯ ಲೆಕ್ಕದಲ್ಲಿ ಸಾಮಾನು ನಿಮ್ಮ ಕೈ ಸೇರಿತು. ವಾಪಸ್ ಕೊಡಲು ಇರುವ ಏಳು ದಿನ ಅಲ್ಲಿಂದಲೇ ಶುರು. ಪಾರ್ಸೆಲ್ ಇನ್ನೂ ಪೇಟೆಯ ಗೋಡೌನಿನಲ್ಲಿ ಇರುವಾಗಲೇ ನಿಮ್ಮ ದಿನಗಳು ಕರಗುತ್ತವೆ. ಒಳಗೆ ಒಡೆದ ಸಾಮಾನು ಇದ್ದರೆ ಕೇಳುವುದು ಯಾರನ್ನು? ಪಾರ್ಸೆಲ್ ಕೈಗೆ ಬಂದ ಮೇಲೇ ಓಟಿಪಿ ಎಂದು ನಾನು ಖಡಾಖಂಡಿತ ಹೇಳುತ್ತೇನೆ. ಈಗ ಆ ಹುಡುಗರಿಗೂ ಅಭ್ಯಾಸ ಆಗಿದೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ತಡವಾದಾಗ ಅಂಗಡಿಯವರು ಕೊಡುವ ಕಾರಣದ ಬಗ್ಗೆಯೂ ಹೇಳಬೇಕು. ಒಂದು ಸಲ ಗಮ್ ಬೂಟು ಆರ್ಡರ್ ಮಾಡಿದ್ದೆ. ಹೇಳಿದ ದಿನ ದಾಟಿದರೂ ಸುದ್ದಿ ಇಲ್ಲ. ಕೇಳಿದರೆ, "ನಿಮ್ಮ ಕಡೆ ಘಾಟಿ ಬಂದ್ ಆಗಿದೆ, ಪ್ರಕೃತಿ ವಿಕೋಪಕ್ಕೆ ನಾವು ಹೊಣೆಯಲ್ಲ" ಎಂಬ ಉತ್ತರ. ಘಾಟಿ ಬಂದ್ ಆಗುವುದು ನಿಜ. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ರಸ್ತೆ ಮುಚ್ಚಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಆದರೆ ಚಾರ್ಮಾಡಿ ಘಾಟಿ ಇರುವುದು ಕೊಟ್ಟಿಗೆಹಾರ ದಾಟಿ ಉಜಿರೆ ಕಡೆಗೆ ಇಳಿಯುವಾಗ. ನನ್ನ ಪಾರ್ಸೆಲ್ ಹೊರಟಿದ್ದು ಬೆಂಗಳೂರಿನಿಂದ. ಹಾಸನ, ಬೇಲೂರು ದಾಟಿದರೆ ಮೂಡಿಗೆರೆ. ಆ ದಾರಿಯಲ್ಲಿ ಚಾರ್ಮಾಡಿಯೂ ಬರುವುದಿಲ್ಲ, ಶಿರಾಡಿಯೂ ಬರುವುದಿಲ್ಲ. ಟ್ರ್ಯಾಕಿಂಗ್ ನೋಡಿದರೆ ಪಾರ್ಸೆಲ್ ಹಾಸನದಲ್ಲೇ ಕೂತಿತ್ತು. ಆ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಹಾಕಿ, ದಾರಿಯ ವಿವರ ಬರೆದು ಕಳಿಸಿದೆ. ಆಮೇಲೆ ಆ ಮಾತು ಎತ್ತಲಿಲ್ಲ, ಬೂಟು ಬಂತು.

ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಸಾಮಾನನ್ನು ವಾಪಸ್ ತಗೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಎಂದು ಮಾರುವವರು ಹೇಳುವಂತಿಲ್ಲ. ಯಾರ ಕೈಯಲ್ಲೂ ಇಲ್ಲದ ವಿಕೋಪದಿಂದ ತಡವಾದರೆ ಮಾತ್ರ ವಿನಾಯಿತಿ. ಹಾಗಾಗಿಯೇ ಎಲ್ಲದಕ್ಕೂ ಮಳೆಯನ್ನು ಮುಂದಿಡುತ್ತಾರೆ. ನಿಜವಾಗಿ ದಾರಿ ಮುಚ್ಚಿದ್ದರೆ ಕಾಯೋಣ, ಅದರಲ್ಲಿ ತಕರಾರಿಲ್ಲ. ಮಳೆ ಬರುತ್ತಿದೆ ಎಂಬುದೇ ಕಾರಣ ಆದರೆ, ನಮ್ಮೂರಿಗೆ ವರ್ಷದಲ್ಲಿ ನಾಲ್ಕು ತಿಂಗಳು ಏನನ್ನೂ ಕಳಿಸುವ ಹಾಗಿಲ್ಲ, ಅಲ್ವಾ?

ಡೆಲಿವರಿ ಚಾರ್ಜ್ ಹಾಕುವ ರೀತಿಯೂ ತಿಳಿದಿರಲಿ. ತೂಕ ಕಡಿಮೆ ಇದೆ, ಚಾರ್ಜ್ ಯಾಕೆ ಇಷ್ಟು ಎಂದು ಹಲವರು ಕೇಳುತ್ತಾರೆ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕ, ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 60, 50, 40 ಅಳತೆಯ ಡಬ್ಬ ಎಂದರೆ 24 ಕಿಲೋ ಲೆಕ್ಕ, ಒಳಗೆ ಮೂರು ಕಿಲೋ ಪ್ಲಾಸ್ಟಿಕ್ ಬುಟ್ಟಿ ಇದ್ದರೂ ಸರಿ. ಬುಟ್ಟಿ, ಕ್ರೇಟು, ಡ್ರಮ್ಮುಗಳನ್ನು ಇಲ್ಲಿ ತಗೊಳ್ಳಲೇಬೇಡಿ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಕೊಂಡು ಬಸ್ಸಿಗೆ ಹಾಕಿಸಿಕೊಂಡರೆ ಅಗ್ಗ. ಬ್ಲೇಡು, ನಾಜಲ್, ಪ್ಲಗ್ಗು, ಗರಗಸದ ಚೈನು ಇಂಥ ಚಿಕ್ಕ ಸಾಮಾನಿಗೆ ಮಾತ್ರ ಆನ್‌ಲೈನ್ ಒಳ್ಳೆಯದು. ಅದರಲ್ಲಿ ಈ ಅಂಗಡಿಯ ಸರಕು ಅಚ್ಚುಕಟ್ಟು. ಬೇಕಾದ ಅಳತೆಯೇ ಸಿಗುತ್ತದೆ.

ಇನ್ನು ದುಡ್ಡಿನ ವಿಷಯ. ಯುಪಿಐ, ಕಾರ್ಡು, ಕ್ಯಾಶ್ ಆನ್ ಡೆಲಿವರಿ ಮೂರೂ ಇವೆ. ಕ್ಯಾಶ್ ಆನ್ ಡೆಲಿವರಿಗೆ ಐವತ್ತು ರೂಪಾಯಿ ಹೆಚ್ಚು ತಗೊಳ್ಳುತ್ತಾರೆ, ದೊಡ್ಡ ಸಾಮಾನಿಗೆ ಅದು ಸಿಗುವುದೂ ಇಲ್ಲ. ಮೊದಲ ಸಲ ಕೊಳ್ಳುವವರು ಆ ಐವತ್ತು ಕೊಟ್ಟಾದರೂ ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ನಂಬಿಕೆ ಬಂದ ಮೇಲೆ ಯುಪಿಐ ಸಾಕು. ಕಾರ್ಡಿನ ನಂಬರನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ ಎಂಬ ಭಯ ಬೇಡ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಅಂಗಡಿಗಳು ಕಾರ್ಡ್ ನಂಬರ್ ಉಳಿಸಿಕೊಳ್ಳುವ ಹಾಗಿಲ್ಲ. ಅದರ ಬದಲು ಒಂದು ಟೋಕನ್ ಮಾತ್ರ ಇರುತ್ತದೆ.

ನಮ್ಮ ಕಡೆ ನೆಟ್‌ವರ್ಕ್ ಕೈಕೊಡುವುದು ದಿನನಿತ್ಯದ ಮಾತು. ದುಡ್ಡು ಕಟ್ಟುವಾಗ ಮಧ್ಯದಲ್ಲೇ ಸಿಗ್ನಲ್ ಹೋಗುತ್ತದೆ. ಖಾತೆಯಿಂದ ದುಡ್ಡು ಹೋಗಿರುತ್ತದೆ, ಅಂಗಡಿಯಲ್ಲಿ ಆರ್ಡರ್ ಇರುವುದಿಲ್ಲ. ಆಗ ಗಾಬರಿಯಿಂದ ಮತ್ತೆ ಮತ್ತೆ ಕಟ್ಟಬೇಡಿ. ಯುಪಿಐ ಆ್ಯಪ್‌ನಲ್ಲಿ 12 ಅಂಕಿಯ ರೆಫರೆನ್ಸ್ ನಂಬರ್ ಇರುತ್ತದೆ, ಬರೆದಿಟ್ಟುಕೊಳ್ಳಿ. ಅಂಗಡಿಗೆ ದುಡ್ಡು ಬಂದ ಖಾತ್ರಿ ಸಿಗದೇ ಹೋದರೆ, ವ್ಯವಹಾರ ನಡೆದ ದಿನದ ನಂತರ ಐದು ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ಆಮೇಲೂ ಬರದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮ ಇದು. ನನಗೆ ಹೀಗೆ ಆದಾಗಲೆಲ್ಲ ದುಡ್ಡು ಅವಧಿಯೊಳಗೇ ಬಂದಿದೆ. ಅಂಗಡಿಯವರೂ ಕೇಳಿದ ತಕ್ಷಣ ಉತ್ತರ ಕೊಟ್ಟಿದ್ದಾರೆ.

ಹೀಗೆ ಕಾಯುತ್ತಿರುವ ಹೊತ್ತಿನಲ್ಲೇ ಮೋಸದ ಕರೆಗಳೂ ಬರಬಹುದು. "ನಿಮ್ಮ ರೀಫಂಡ್ ಹಾಕ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದರೆ ಅದು ಕಳ್ಳರ ಕೆಲಸವೇ. ದುಡ್ಡು ಬರಬೇಕಾದರೆ ಪಿನ್ ಬೇಕಾಗಿಲ್ಲ, ಹೋಗಬೇಕಾದರೆ ಮಾತ್ರ ಬೇಕು. ಮನೆಯ ಹಿರಿಯರಿಗೂ ಇದನ್ನು ಹೇಳಿಕೊಡಿ. ಏನಾದರೂ ಆಗಿಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಒಂದು ಕೆಟ್ಟ ಅಭ್ಯಾಸ ಈ ಅಂಗಡಿಗೆ ಇತ್ತು. ದುಡ್ಡು ಕಟ್ಟುವ ಪುಟದಲ್ಲಿ "ಪಾರ್ಸೆಲ್ ರಕ್ಷಣೆ" ಎಂಬ ಹೆಸರಿನಲ್ಲಿ ಸ್ವಲ್ಪ ದುಡ್ಡು ತಾನಾಗಿಯೇ ಸೇರಿಕೊಳ್ಳುತ್ತಿತ್ತು, ಟಿಕ್ ಮೊದಲೇ ಬಿದ್ದಿರುತ್ತಿತ್ತು. ಗ್ರಾಹಕರ ಒಪ್ಪಿಗೆಯನ್ನು ಹೀಗೆ ಮೊದಲೇ ಟಿಕ್ ಹಾಕಿ ಪಡೆಯುವಂತಿಲ್ಲ ಎಂದು 2020ರ ನಿಯಮವೇ ಹೇಳುತ್ತದೆ. ಕೇಳದೆ ಆರ್ಡರ್‌ಗೆ ಏನಾದರೂ ಸೇರಿಸುವುದನ್ನು 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಯೂ ನಿಷೇಧಿಸಿದೆ. ಬರೆದು ತಿಳಿಸಿದೆ. ಈಗ ಟಿಕ್ ಖಾಲಿ ಇರುತ್ತದೆ. ಈ ಬದಲಾವಣೆಗೆ ಅಂಗಡಿಗೆ ಮೆಚ್ಚುಗೆ ಸಲ್ಲಬೇಕು.

ರಿಟರ್ನ್ ಬಗ್ಗೆ ನನ್ನ ದೊಡ್ಡ ಅನುಭವ ಟಾರ್ಪಾಲಿನದು. ಕಣದಲ್ಲಿ ಕಾಫಿ ಒಣಗಿಸುವಾಗ ಅಕಾಲದ ಮಳೆ ಬಂದರೆ ಎಷ್ಟು ನಷ್ಟ ಎಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಅದಕ್ಕೇ 200 ಜಿಎಸ್‌ಎಂ ಟಾರ್ಪಾಲ್, 18 ಅಡಿಗೆ 24 ಅಡಿ ಅಳತೆಯದು, ಆರ್ಡರ್ ಮಾಡಿದೆ. ಬಂದದ್ದನ್ನು ಕೈಯಲ್ಲಿ ಹಿಡಿದಾಗಲೇ ತೆಳು ಅನಿಸಿತು. ಬಿಸಿಲಿಗೆ ಹಿಡಿದರೆ ನೇಯ್ಗೆಯ ಮಧ್ಯೆ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಆದರೆ ತೆಳು ಅನಿಸಿತು ಎಂದರೆ ಅಂಗಡಿಯವರು ಒಪ್ಪುತ್ತಾರೆಯೇ? ಜಿಎಸ್‌ಎಂ ಎಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. 18ಕ್ಕೆ 24 ಅಂದರೆ 432 ಚದರ ಅಡಿ, ಅಂದರೆ ಸುಮಾರು 40 ಚದರ ಮೀಟರ್. 200 ಗ್ರಾಂ ಪ್ರಕಾರ ಎಂಟು ಕಿಲೋ ತೂಗಬೇಕು. ಕಾಫಿ ಮೂಟೆ ತೂಗುವ ತಕ್ಕಡಿಗೆ ಹಾಕಿದೆ. ಐದೂವರೆ ಕಿಲೋ ತೋರಿಸಿತು. ಅಂಚು ಮಡಚಿ ಹೊಲಿಯುವುದರಿಂದ ಅಳತೆ ಚೂರು ಕಡಿಮೆ ಬರುವುದು ಸಹಜ, ಆದರೆ ಎರಡೂವರೆ ಕಿಲೋ ವ್ಯತ್ಯಾಸ ಅದರಿಂದ ಬರುವುದಿಲ್ಲ.

ಪಾರ್ಸೆಲ್ ಬಿಚ್ಚುವಾಗಲೇ ನಮ್ಮ ಮಗಳು ವಿಡಿಯೋ ಮಾಡಿದ್ದಳು, ವಿಳಾಸದ ಚೀಟಿ ಕಾಣುವ ಹಾಗೆ. ಬಿಚ್ಚುವ ವಿಡಿಯೋ ಇಲ್ಲದಿದ್ದರೆ ದೂರು ತಗೊಳ್ಳುವುದಿಲ್ಲ ಎಂದು ಅಂಗಡಿಯ ನಿಯಮದಲ್ಲಿದೆ. ಇಂಥ ಷರತ್ತು ನನಗೆ ಇಷ್ಟವಿಲ್ಲ, ಆದರೂ ವಿಡಿಯೋ ಇದ್ದರೆ ವಾದ ಬೇಗ ಮುಗಿಯುತ್ತದೆ. ತಕ್ಕಡಿಯ ಫೋಟೋ, ಲೆಕ್ಕ, ಅವರದೇ ಪುಟದಲ್ಲಿ 200 ಎಂದು ಬರೆದದ್ದರ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಕಳಿಸಿದೆ. ಮೊದಲು ಬಂದ ಉತ್ತರ: ಬಿಚ್ಚಿದ ಟಾರ್ಪಾಲ್ ವಾಪಸ್ ಇಲ್ಲ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸಾಮಾನನ್ನು ವಾಪಸ್ ತಗೊಳ್ಳಲು ನಿರಾಕರಿಸುವಂತಿಲ್ಲ ಎಂದು 2020ರ ನಿಯಮದಲ್ಲೇ ಇದೆಯಲ್ಲ, ಅದನ್ನೇ ಬರೆದೆ. ಅಂಗಡಿಯ ಪುಟದಲ್ಲಿ ದೂರು ಅಧಿಕಾರಿಯ ಇಮೇಲ್ ಇರಲೇಬೇಕು, ಇದೆ. ಅಲ್ಲಿಗೆ ಕಳಿಸಿದರೆ 48 ಗಂಟೆಯೊಳಗೆ ದೂರು ತಲುಪಿದೆ ಎಂದು ಹೇಳಬೇಕು, ಟಿಕೆಟ್ ನಂಬರ್ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಟಿಕೆಟ್ ನಂಬರ್ ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಕೊರಿಯರ್‌ನವರು ಪೇಟೆಯಲ್ಲಿ ವಾಪಸ್ ತಗೊಂಡರು, ಡೆಲಿವರಿ ಚಾರ್ಜ್ ಸಮೇತ ಪೂರ್ತಿ ದುಡ್ಡು ಬಂತು.

ಅದೂ ಆಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡಬಹುದು. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ ಯಾವ ರಾಜ್ಯದಲ್ಲಿದ್ದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕವೂ ಇಲ್ಲ. ನನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ.

ಯಂತ್ರಗಳ ವಿಷಯದಲ್ಲಿ ಇನ್ನೊಂದು ನಿಯಮ ಗಮನಿಸಿ. ಟ್ಯಾಂಕಿಗೆ ಪೆಟ್ರೋಲ್ ಹಾಕಿದ ಮೇಲೆ ರಿಟರ್ನ್ ಇಲ್ಲ, ವಾರಂಟಿ ಮಾತ್ರ. ಇದರಲ್ಲಿ ನ್ಯಾಯವಿದೆ, ಪೆಟ್ರೋಲ್ ವಾಸನೆ ಇರುವ ಡಬ್ಬವನ್ನು ಕೊರಿಯರ್‌ನವರು ಮುಟ್ಟುವುದಿಲ್ಲ. ಆದರೆ ಪೆಟ್ರೋಲ್ ಹಾಕದೆ ಯಂತ್ರ ಸರಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಹಾಗಾಗಿ ಹಾಕುವ ಮೊದಲು ಹಗ್ಗ ಎಳೆದು ನೋಡಿ, ಶಾಫ್ಟ್ ಕೈಯಲ್ಲಿ ತಿರುಗಿಸಿ, ಬೋಲ್ಟು ನಟ್ಟು ಎಲ್ಲ ಇದೆಯೇ ಎಣಿಸಿ. ಸರ್ವಿಸ್ ಎಲ್ಲಿ ಎಂದು ಕೊಳ್ಳುವ ಮೊದಲೇ ಕೇಳಿ. ಈ ಅಂಗಡಿಯ ಯಂತ್ರಕ್ಕೆ ಹತ್ತಿರದ ಸರ್ವಿಸ್ ಹಾಸನದಲ್ಲಿ. ಕೊಯ್ಲು, ಕಳೆ ಎಂದು ಆಳು ಸಿಗದ ಹೊತ್ತಿನಲ್ಲಿ ಯಂತ್ರ ಹೊತ್ತು ಹಾಸನಕ್ಕೆ ಹೋಗಲು ಆಗುತ್ತದೆಯೇ ಎಂದು ನೀವೇ ಯೋಚಿಸಿ. ಎರಡನೇ ಯಂತ್ರವನ್ನು ನಾನು ಮೂಡಿಗೆರೆಯಲ್ಲೇ ತಗೊಂಡೆ. ಬೆಲೆ ಸ್ವಲ್ಪ ಜಾಸ್ತಿ ಬಿತ್ತು. ಕೆಟ್ಟರೆ ಸಂಜೆಯೊಳಗೆ ರಿಪೇರಿ ಮಾಡಿಕೊಡುತ್ತಾರೆ.

ಡೆಲಿವರಿ ಬಗ್ಗೆ ಅಂಗಡಿಗೆ ನಾನು ಮತ್ತೆ ಮತ್ತೆ ಬರೆದದ್ದು ಒಂದೇ. ಪಿನ್‌ಕೋಡ್ ನೋಡಿ "ಲಭ್ಯ" ಎನ್ನಬೇಡಿ, ಊರಿನ ಹೆಸರು ಕೇಳಿ. ಮನೆಗೆ ತರುವುದಿಲ್ಲ ಎಂದಾದರೆ ದುಡ್ಡು ಕಟ್ಟುವ ಮೊದಲೇ ಹೇಳಿ, ಚಾರ್ಜ್ ಕಡಿಮೆ ಮಾಡಿ. ಅದು ಇನ್ನೂ ಆಗಿಲ್ಲ. ಆದರೆ ಚಿಕ್ಕ ಪಾರ್ಸೆಲ್‌ಗಳಿಗೆ ಸ್ಪೀಡ್ ಪೋಸ್ಟ್ ಆಯ್ಕೆ ಕೊಡಲು ಶುರು ಮಾಡಿದ್ದಾರೆ. ಒಂದೆರಡು ದಿನ ತಡವಾಗುತ್ತದೆ, ಚಾರ್ಜ್ ಸ್ವಲ್ಪ ಹೆಚ್ಚು. ನಮ್ಮ ಪೋಸ್ಟ್‌ಮ್ಯಾನ್‌ಗೆ ಮನೆ ಗೊತ್ತು, ದಾರಿ ಗೊತ್ತು, ಮಳೆ ನಿಂತ ಹೊತ್ತು ನೋಡಿ ಬಂದು ಕೈಗೇ ಕೊಟ್ಟು ಹೋಗುತ್ತಾರೆ. ಬ್ಲೇಡು, ನಾಜಲ್‌ಗಳನ್ನೆಲ್ಲ ಈಗ ಅದರಲ್ಲೇ ತರಿಸುತ್ತಿದ್ದೇನೆ.