ಚಳಿಗಾಲದ ಸಾಲ್ಟ್ ಲೇಕ್: ಒಂದೇ ದಿನ ಇದ್ದರೆ ನಾಲ್ಕರಲ್ಲಿ ಯಾವ ಜಾಗ?

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಡಿಸೆಂಬರ್ ಕೊನೆಗೆ ಬೆಳಕು ಹರಿಯುವಷ್ಟರಲ್ಲಿ ಗಂಟೆ ಎಂಟಾಗುತ್ತದೆ, ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಆ ಒಂಬತ್ತು ಚಿಲ್ಲರೆ ಗಂಟೆಯಲ್ಲಿ ಉಪ್ಪು ನೋಡಿ ಬರಲು ಹೊರಡುವವರ ಮುಂದೆ ನಾಲ್ಕು ಹೆಸರು ಬರುತ್ತವೆ: ಆಂಟಲೋಪ್ ಐಲ್ಯಾಂಡ್, ಸ್ಪೈರಲ್ ಜೆಟ್ಟಿ, ಬಾನ್‌ವಿಲ್ ಸಾಲ್ಟ್ ಫ್ಲ್ಯಾಟ್ಸ್, ಮತ್ತೆ ಊರಿನ ಪಕ್ಕದಲ್ಲೇ ಇರುವ ಗ್ರೇಟ್ ಸಾಲ್ಟ್ ಲೇಕ್ ಸ್ಟೇಟ್ ಪಾರ್ಕ್. ಫೋಟೋ ನೋಡಿ ಆರಿಸಿದರೆ ಹೆಚ್ಚಾಗಿ ನಿರಾಸೆಯೇ. ಹಿಂದಿನ ರಾತ್ರಿ ಗಾಳಿ, ತಾಪಮಾನ, ಮಂಜು ಈ ಮೂರನ್ನು ನೋಡಿ ಆರಿಸಬೇಕು.

ಯಾವ ಹವೆಗೂ ಹೆಚ್ಚುಕಡಿಮೆ ಒಗ್ಗುವುದು ಆಂಟಲೋಪ್ ಐಲ್ಯಾಂಡ್. ಐ-15 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ 332ನೇ ಎಕ್ಸಿಟ್ ಹಿಡಿದರೆ ಸಿರಾಕ್ಯೂಸ್ ಊರು ದಾಟಿ ಗೇಟು, ಅಲ್ಲಿಂದ ಸುಮಾರು ಏಳು ಮೈಲಿ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪು ಸರೋವರದ ನಡುವೆ ಹಾಕಿದ ರಸ್ತೆ. ಡೌನ್‌ಟೌನಿನಿಂದ ದ್ವೀಪಕ್ಕೆ ಒಂದು ಗಂಟೆ ಸಾಕು. ಪೂರ್ತಿ ಟಾರು ರಸ್ತೆ, ಆದ್ದರಿಂದ ಬಾಡಿಗೆಯ ಸಣ್ಣ ಕಾರೂ ನಡೆಯುತ್ತದೆ. 1893ರಲ್ಲಿ ಇಲ್ಲಿಗೆ ತಂದದ್ದು ಹನ್ನೆರಡು ಕಾಡೆಮ್ಮೆ, ಅಂದರೆ ಬೈಸನ್. ಈಗ ಅವು ನೂರಾರು. ಒಣಹುಲ್ಲಿನ ಮೇಲೆ ಹಿಮ ಬಿದ್ದಾಗ ಕಪ್ಪು ಮೈ ದೂರದಿಂದಲೇ ಕಾಣುತ್ತದೆ. ಕಾರಿನಿಂದ ಇಳಿದರೆ ನೂರು ಗಜ ದೂರವಿರಿ. ಬೈಸನ್ ಬಾಲ ಎತ್ತಿ ನಿಂತರೆ ಕ್ಯಾಮೆರಾ ಒಳಗಿಟ್ಟು ಹಿಂದೆ ಸರಿಯುವುದೇ ಬುದ್ಧಿವಂತಿಕೆ.

ದ್ವೀಪದಲ್ಲಿ ಸಮಯ ಹಂಚುವ ಕ್ರಮವೂ ಮುಖ್ಯ. ಬೆಳಿಗ್ಗೆ ಮೊದಲು ಪೂರ್ವ ದಂಡೆಯ ರಸ್ತೆಯಲ್ಲಿ ದಕ್ಷಿಣಕ್ಕೆ, 1848ರ ಫೀಲ್ಡಿಂಗ್ ಗಾರ್ ರಾಂಚ್ ತನಕ ಹೋಗಿ. ಬಿಸಿಲು ಬೀಳುವುದು ಆ ಕಡೆಗೇ, ಪ್ರಾಣಿಗಳೂ ಅಲ್ಲೇ ಹೆಚ್ಚು. ಮಧ್ಯಾಹ್ನದ ನಂತರ ಬಫಲೋ ಪಾಯಿಂಟ್ ಏರಿ. ಚಿಕ್ಕ ಏರು, ಆದರೆ ತುಳಿದು ತುಳಿದು ಗಟ್ಟಿಯಾದ ಹಿಮ ಗಾಜಿನಷ್ಟು ಜಾರುತ್ತದೆ, ಬೂಟಿಗೆ ಮೈಕ್ರೋಸ್ಪೈಕ್, ಅಂದರೆ ಜಾರದಂತೆ ಹಿಡಿಯುವ ಸಣ್ಣ ಮುಳ್ಳುಗಳ ಪಟ್ಟಿ, ಹಾಕಿಕೊಳ್ಳಿ. ಕೊನೆಗೆ ಬ್ರಿಜರ್ ಬೇ ದಂಡೆ. ಅಲ್ಲಿಯ ಮರಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ: ಕಾಳು ಕಾಳೂ ಗುಂಡಗಿರುತ್ತದೆ. ಒಂದು ಕಣದ ಸುತ್ತ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂತು ಆದದ್ದು ಅದು. ವಸಂತದಲ್ಲಿ ಇದೇ ದಂಡೆಯಲ್ಲಿ ಕಚ್ಚುವ ಸಣ್ಣ ನೊಣಗಳು ನಿಲ್ಲಗೊಡುವುದಿಲ್ಲ, ಚಳಿಗಾಲದಲ್ಲಿ ಆ ಕಾಟವಿಲ್ಲ. ಆದರೆ ನೀರಿಗೆ ಇಳಿಯಬೇಡಿ. ಉಪ್ಪಿನಿಂದಾಗಿ ಆ ನೀರು 0 ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ, ಕಾಲು ಮರಗಟ್ಟಲು ಹೆಚ್ಚು ಹೊತ್ತು ಬೇಡ.

ಸ್ಪೈರಲ್ ಜೆಟ್ಟಿಯ ಲೆಕ್ಕವೇ ಬೇರೆ. ಕಲಾವಿದ ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಸರೋವರದ ಉತ್ತರ ಭಾಗದ ದಂಡೆಯಲ್ಲಿ ಕಪ್ಪು ಬಸಾಲ್ಟ್ ಕಲ್ಲು ಸುರಿಸಿ ಮಾಡಿದ, 1,500 ಅಡಿ ಉದ್ದದ ಸುರುಳಿ ಇದು. ಅದರಾಚೆಯ ನೀರು ಗುಲಾಬಿ. ರೈಲಿಗಾಗಿ 1959ರಲ್ಲಿ ಮುಗಿಸಿದ ಕಲ್ಲಿನ ಒಡ್ಡು ಸರೋವರವನ್ನು ಎರಡು ಮಾಡಿತು. ಉತ್ತರ ಭಾಗಕ್ಕೆ ನದಿ ನೀರು ಸರಿಯಾಗಿ ಸೇರದೆ ಉಪ್ಪು ಹೆಚ್ಚಿತು, ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳು ಬಣ್ಣ ಕೊಟ್ಟವು. ಮೋಡವಿದ್ದರೆ ಆ ಬಣ್ಣ ಬೂದಿಗೆ ತಿರುಗಿದಂತೆ ಕಾಣುತ್ತದೆ, ಹಾಗಾಗಿ ನಿಚ್ಚಳ ಬಿಸಿಲಿಲ್ಲದ ದಿನ ಅಷ್ಟು ದೂರ ಹೋಗುವುದು ದಂಡ. ದೂರವೆಂದರೆ ಒಂದು ಕಡೆಗೇ ಎರಡೂವರೆ ಗಂಟೆ, ಗೋಲ್ಡನ್ ಸ್ಪೈಕ್ ಎಂಬ ಐತಿಹಾಸಿಕ ಉದ್ಯಾನ ದಾಟಿದ ಮೇಲೆ ಸುಮಾರು 15 ಮೈಲಿ ಜಲ್ಲಿ ರಸ್ತೆ. ಅಲ್ಲಿ ಪೆಟ್ರೋಲ್, ನೀರು ಯಾವುದೂ ಇಲ್ಲ, ಮೊಬೈಲ್ ಸಿಗ್ನಲ್ಲನ್ನೂ ನಂಬುವಂತಿಲ್ಲ. ನಕ್ಷೆ ಮೊದಲೇ ಇಳಿಸಿಕೊಳ್ಳಿ. ಬೆಳಿಗ್ಗೆ ಹೆಪ್ಪುಗಟ್ಟಿ ಗಟ್ಟಿಯಾಗಿದ್ದ ರಸ್ತೆ ಬಿಸಿಲೇರಿದಂತೆ ಕೆಸರಾಗುತ್ತದೆ. ಒಳ್ಳೆಯ ಬೆಳಕು ಸಂಜೆಯದೇ ನಿಜ, ಆದರೂ ಮಧ್ಯಾಹ್ನಕ್ಕೆ ಮೊದಲು ತಿರುಗಿ ಹೊರಡುವುದು ಕ್ಷೇಮ. ಕಾರು ತಗ್ಗಿನದಾದರೆ ಈ ಆಯ್ಕೆಯನ್ನೇ ಬಿಡಿ.

ಬಾನ್‌ವಿಲ್‌ಗೆ ಬೇಕಾದದ್ದು ಒಂದೇ, ಗಾಳಿ ಇಲ್ಲದ ದಿನ. ಚಳಿಗಾಲದ ಮಳೆ-ಹಿಮದ ನೀರು ಉಪ್ಪಿನ ಮೇಲೆ ತೆಳ್ಳಗೆ ನಿಂತು ಗುಡ್ಡಗಳನ್ನು ತಲೆಕೆಳಗಾಗಿ ತೋರಿಸುತ್ತದೆ. ಗಾಳಿ ಎದ್ದರೆ ಕನ್ನಡಿ ಹೋಯಿತು, ಉಳಿಯುವುದು ಬರೀ ಕೊಚ್ಚೆ ಬಣ್ಣದ ನೀರು. ಐ-80ರಲ್ಲಿ ಪಶ್ಚಿಮಕ್ಕೆ ಸುಮಾರು 110 ಮೈಲಿ, ನೇರ ಹೆದ್ದಾರಿ. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಿಂದ ಕಾರಿನಲ್ಲಿ ಬರುವ ನಮ್ಮವರಿಗೆ ಹೇಗೂ ದಾರಿಯ ಮೇಲೇ ಸಿಗುತ್ತದೆ. ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ ನಡೆದು ಹೋಗಿ, ರಬ್ಬರ್ ಬೂಟು ಹಾಕಿಕೊಳ್ಳಿ. ಕಾರನ್ನು ಮಾತ್ರ ಉಪ್ಪಿನ ಮೇಲೆ ಇಳಿಸಬೇಡಿ. ಮೇಲಿರುವುದು ಉಪ್ಪಿನ ಹೊಪ್ಪಳೆ, ಅಡಿಯಲ್ಲಿ ಮೆತ್ತನೆ ಕೆಸರು. ನೆನೆದಾಗ ಹೊಪ್ಪಳೆ ಒಡೆದು ಚಕ್ರ ಹೂತರೆ ಎಳೆಸಲು ದೊಡ್ಡ ಮೊತ್ತ ತೆರಬೇಕಾಗುತ್ತದೆ.

ಅರ್ಧ ದಿನವಷ್ಟೇ ಇದ್ದರೆ ಸ್ಟೇಟ್ ಪಾರ್ಕ್. ಐ-80ರ 104ನೇ ಎಕ್ಸಿಟ್, ವಿಮಾನ ನಿಲ್ದಾಣದಿಂದ ಹದಿನೈದು ನಿಮಿಷದ ದಾರಿ. ಉಳಿದ ಕಾಲದಲ್ಲಿ ಇದನ್ನು ನಾಲ್ಕನೆಯದಾಗಿಯೇ ಇಡಬೇಕು. ಆದರೆ ಕೊರೆಯುವ ಚಳಿಯಲ್ಲಿ ಇಲ್ಲಿ ಮಿರಾಬಿಲೈಟ್ ದಿಬ್ಬಗಳು ಏಳುತ್ತವೆ. ನೆಲದಡಿಯಿಂದ ಬರುವ ಸೋಡಿಯಂ ಸಲ್ಫೇಟ್ ತುಂಬಿದ ನೀರು ಹೊರಗಿನ ಚಳಿಗೆ ಹರಳುಗಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ. ಬೆಚ್ಚಗಾದರೆ ಪುಡಿಯಾಗಿ ಹೋಗುತ್ತದೆ, ಸರೋವರದ ಮಟ್ಟ ಏರಿದ ವರ್ಷ ಕಾಣುವುದೂ ಇಲ್ಲ. ಮೊದಲೇ ಪಾರ್ಕಿಗೆ ಫೋನ್ ಮಾಡಿ ಕೇಳಿ. ರೇಂಜರ್ ಜೊತೆಗಿನ ನಡಿಗೆ ಇದ್ದರೆ ಸೇರಿಕೊಳ್ಳಿ, ಗೊತ್ತಿಲ್ಲದೆ ತುಳಿದರೆ ಹರಳು ಮುರಿಯುತ್ತದೆ.

ಇನ್‌ವರ್ಷನ್ ಎನ್ನುವ ಪೀಡೆಯೂ ಇದೆ. ತಣ್ಣನೆ ಗಾಳಿ ಕಣಿವೆಯಲ್ಲಿ ಸಿಕ್ಕಿಬಿದ್ದು, ಮೇಲೆ ಬೆಚ್ಚನೆಯ ಪದರ ಮುಚ್ಚಳ ಹಾಕಿದಾಗ ಹೊಗೆ, ಮಂಜು ದಿನಗಟ್ಟಲೆ ಕದಲುವುದಿಲ್ಲ. ಅಂಥ ದಿನ ದ್ವೀಪದಿಂದ ಸರೋವರವೇ ಕಾಣದಿರಬಹುದು. ಹಿಮ ಸುರಿದು ಹವೆ ತೊಳೆದ ಮರುದಿನವೇ ಹೊರಡಲು ಒಳ್ಳೆಯದು, ಅಷ್ಟರಲ್ಲಿ ಹೆದ್ದಾರಿಯ ಹಿಮವನ್ನೂ ತೆಗೆದಿರುತ್ತಾರೆ. ಎಲ್ಲಿಗೆ ಹೋದರೂ ಚರ್ಮದ ಬೂಟು ಬೇಡ, ಉಪ್ಪುನೀರು ಒಣಗಿದ ಮೇಲೆ ಬಿರುಕು ಬಿಡುತ್ತದೆ. ಕಾರನ್ನು ಹಿಂದಿರುಗಿಸುವ ಮುನ್ನ ಅಡಿಭಾಗಕ್ಕೂ ನೀರು ಹೊಡೆಯುವ ಕಾರ್ ವಾಶ್‌ಗೆ ಬಿಡಿ.