ಕ್ಲಾಟ್ ತರ್ಕ ವಿಭಾಗಕ್ಕೆ ಆ್ಯಪ್: ಹದಿನಾರು ತಿಂಗಳು ಬಳಸಿದ ಮೇಲೆ

ಐದರಲ್ಲಿ ಮೂರು ನಕ್ಷತ್ರ. ಮೊದಲ ಮೂರು ತಿಂಗಳಿಗೇ ಬರೆದಿದ್ದರೆ ಒಂದು ಕೊಡುವುದಕ್ಕೂ ಕೈ ಬರುತ್ತಿರಲಿಲ್ಲ.

ನಾನು ಹಾಸನದವಳು. ಇಲ್ಲಿ ಕ್ಲಾಟ್ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ತರಬೇತಿ ಎಲ್ಲಿದೆ ಎಂದು ವಿಚಾರಿಸಿದಾಗಲೆಲ್ಲ ನೀಟ್, ಸಿಇಟಿ ಬೋರ್ಡುಗಳತ್ತಲೇ ಬೆರಳು ತೋರಿಸಿದರು. ವಾರ ವಾರ ಬೆಂಗಳೂರಿಗೆ ಓಡಾಡುವುದು ಆಗದ ಮಾತು. ಪ್ರಥಮ ಪಿಯುಸಿಯ ಆಗಸ್ಟ್‌ನಲ್ಲಿ ಈ ಆ್ಯಪ್‌ಗೆ ಹಣ ಕಟ್ಟಿ, ದ್ವಿತೀಯ ಪಿಯುಸಿಯ ಡಿಸೆಂಬರ್‌ನಲ್ಲಿ ಪರೀಕ್ಷೆ ಬರೆಯುವವರೆಗೂ ಬಳಸಿದೆ.

ಆರಂಭದ ಪಾಠಗಳೆಲ್ಲ ರಕ್ತಸಂಬಂಧ, ಅಕ್ಷರಗಳ ಗುಪ್ತಸಂಕೇತ ಬಿಡಿಸುವ ಕೋಡಿಂಗ್, ದುಂಡು ಮೇಜಿನ ಸುತ್ತ ಯಾರ ಪಕ್ಕ ಯಾರು ಎಂಬ ಲೆಕ್ಕ. ಅವು ಪೂರ್ತಿ ದಂಡ ಎನ್ನಲಾರೆ. ಆದರೆ 2020ರಿಂದ ಕ್ಲಾಟ್‌ನಲ್ಲಿ ಪ್ಯಾಸೇಜ್ ಓದಿ ವಾದವನ್ನು ಬಿಡಿಸುವುದೇ ಮುಖ್ಯವಾಗಿದೆ. ಈಗ 120 ನಿಮಿಷಕ್ಕೆ 120 ಪ್ರಶ್ನೆ. ಅದರಲ್ಲಿ 22ರಿಂದ 26 ತರ್ಕದ್ದು. ತಪ್ಪಿದರೆ ಕಾಲು ಅಂಕ ಹೋಯಿತು. ಇವರು ಹಳೆಯ ಸರಕನ್ನೇ ಮೂರು ತಿಂಗಳು ಬಡಿಸಿದರು.

ಉತ್ತರಗಳ ವಿವರಣೆಯಂತೂ ಕೇಳಬೇಡಿ. 'ಆಯ್ಕೆ ಸಿ ಸರಿ, ಏಕೆಂದರೆ ಅದು ವಾದವನ್ನು ಬಲಪಡಿಸುತ್ತದೆ.' ಬಲಪಡಿಸುವುದು ಯಾವುದು ಎಂದೇ ಅಲ್ಲವೇ ಪ್ರಶ್ನೆ ಕೇಳಿದ್ದು!

ನನಗೆ ವಿಷಯ ಹೊಳೆದದ್ದು ಆಲೂಗಡ್ಡೆಯಿಂದ. ಅಜ್ಜ ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು. ಒಂದು ಸಂಜೆ ಸುಮ್ಮನೆ ಕೇಳಿದೆ: "ಅಜ್ಜ, ಆಲೂಗಡ್ಡೆ ರೇಟು ಬಿದ್ದಿದೆ, ಹಾಗಾದರೆ ಈ ಸಲ ನಮ್ಮ ಕಡೆ ಬೆಳೆ ಚೆನ್ನಾಗಿದೆ ಅಂತ ತಾನೇ?" ಅಜ್ಜ ಎಲೆಗೆ ಸುಣ್ಣ ಸವರುತ್ತಲೇ, "ಹೊರಗಿನ ಲಾರಿ ಬಂದಿದ್ದರೆ?" ಎಂದರು. ಅಷ್ಟೇ. ಹೊರಗಿನ ಮಾಲು ಬಂದಿಲ್ಲ ಎಂಬುದು ನಾನು ಹೇಳದೆಯೇ ನಂಬಿಕೊಂಡಿದ್ದ ಮಾತು. ಲಾರಿ ಬಂದಿದೆ ಎಂದರೆ ವಾದ ಸಡಿಲ. ಪ್ಯಾಸೇಜ್‌ಗಳಲ್ಲಿ ಕೇಳುವ 'ಅಸಂಪ್ಷನ್' ಇದೇ. ನಾಲ್ಕೂ ಆಯ್ಕೆಗಳನ್ನು ತಿರುಗಿಸಿ ನೋಡುವುದು: ಯಾವುದು ಸುಳ್ಳಾದರೆ ತೀರ್ಮಾನ ನಿಲ್ಲುವುದಿಲ್ಲವೋ ಅದೇ ಉತ್ತರ.

ಇನ್ನೊಂದು ತೊಡಕು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಾತ್ರ ಗೊತ್ತು. ನಮ್ಮ ಮಾತಿನಲ್ಲಿ ಕಾರಣಗಳೆಲ್ಲ ಬಂದು, 'ಆದ್ದರಿಂದ' ಎಂದಮೇಲೆ ತೀರ್ಮಾನ. ಇಂಗ್ಲಿಷ್ ಲೇಖನಗಳಲ್ಲಿ ಎಷ್ಟೋ ಸಲ ತೀರ್ಮಾನ ಮೊದಲ ಸಾಲಿನಲ್ಲೇ ಮುಗಿದು, ಉಳಿದದ್ದೆಲ್ಲ ಅದಕ್ಕೆ ಸಮರ್ಥನೆ. ನಾನು ತಿಂಗಳುಗಟ್ಟಲೆ ಕೊನೆಯ ಸಾಲನ್ನೇ ತೀರ್ಮಾನವೆಂದು ಗುರುತು ಹಾಕುತ್ತಿದ್ದೆ. ಆ್ಯಪ್ ನನ್ನ ಅಂಕ ತೋರಿಸಿತೇ ಹೊರತು ಈ ಅಭ್ಯಾಸವನ್ನು ತೋರಿಸಲಿಲ್ಲ.

ಹಾಗಾದರೆ ಮೂರು ನಕ್ಷತ್ರ ಯಾಕೆ? ರಾತ್ರಿ ಎಂಟೂವರೆಯ ಸಂದೇಹ ತರಗತಿಗೆ. ಅಲ್ಲಿನ ಮೇಡಂ ಸರಿಯುತ್ತರ ಕೇಳುತ್ತಲೇ ಇರಲಿಲ್ಲ. ಉಳಿದ ಮೂರು ಏಕೆ ತಪ್ಪು ಹೇಳಿ ಎನ್ನುತ್ತಿದ್ದರು. ನಾನು ಅದಕ್ಕೊಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆ. 'ಹೇಳದ್ದನ್ನು ಹೇಳುತ್ತದೆ', 'ಕೆಲವರು ಎಂದಿರುವುದನ್ನು ಎಲ್ಲರೂ ಎಂದು ಮಾಡಿದೆ', 'ನಿಜ, ಆದರೆ ಸಂಬಂಧವಿಲ್ಲ' ಎಂದು ತಪ್ಪಿನ ಪಕ್ಕ ಬರೆದುಕೊಳ್ಳುವುದು. ಎರಡನೆಯದರಲ್ಲೇ ನನ್ನ ಅರ್ಧದಷ್ಟು ಅಂಕ ಹೋಗುತ್ತಿತ್ತು. ನಾಲ್ಕು ತಿಂಗಳಲ್ಲಿ ಮಾಕ್ ಟೆಸ್ಟ್‌ನ (ಮಾದರಿ ಪರೀಕ್ಷೆಯ) ತರ್ಕದ ಅಂಕ ಹನ್ನೊಂದರಿಂದ ಹತ್ತೊಂಬತ್ತಕ್ಕೆ ಬಂತು.

ಮಾಕ್ ಟೆಸ್ಟ್‌ಗಳನ್ನು ಮೊಬೈಲ್‌ನಲ್ಲಿ ಬರೆಯಬೇಡಿ. ಕ್ಲಾಟ್ ಕಾಗದದ ಮೇಲಿನ ಪರೀಕ್ಷೆ, ಉತ್ತರಕ್ಕೆ ವೃತ್ತ ತುಂಬುವ ಒಎಂಆರ್ ಹಾಳೆ. ಪ್ಯಾಸೇಜ್‌ಗೂ ಪ್ರಶ್ನೆಗೂ ಬೆರಳಿನಲ್ಲಿ ಮೇಲೆ ಕೆಳಗೆ ಎಳೆಯುವಷ್ಟರಲ್ಲಿ ವಾದದ ಎಳೆ ತಪ್ಪುತ್ತದೆ. ನಾನು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ತೀರ್ಮಾನದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಬಿಡಿಸುತ್ತಿದ್ದೆ.

ಒಂದು ವರ್ಷ ತುಂಬಿದ ದಿನ ಕೇಳದೆಯೇ ಎರಡನೇ ವರ್ಷದ ಹಣ ಅಪ್ಪನ ಖಾತೆಯಿಂದ ಕಡಿತವಾಯಿತು. ಐದು ಮಿಂಚಂಚೆ ಕಳಿಸಿದ ಮೇಲೆ ಅರ್ಧ ವಾಪಸ್ ಬಂತು, ಇನ್ನರ್ಧ 'ಪರಿಶೀಲನೆಯಲ್ಲಿದೆ'.

ತಮ್ಮನೂ ಮುಂದಿನ ವರ್ಷ ಬರೆಯುತ್ತೇನೆ ಎನ್ನುತ್ತಿದ್ದಾನೆ. ಅವನಿಗೆ ಸಂದೇಹ ತರಗತಿಯ ಆರು ತಿಂಗಳ ಚಂದಾ ಮಾತ್ರ ಸಾಕು. ಹಳೆಯ ಪ್ರಶ್ನೆಪತ್ರಿಕೆಗಳು ಕ್ಲಾಟ್ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತವೆ. ಖಾತೆಯಲ್ಲಿ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಮೊದಲ ದಿನವೇ ತೆಗೆಸಬೇಕು.